ಸೂತಕದ ಹಾಸಿಗೆಯಲ್ಲಿ ವಾಸಿಯಾದ ಹಿಮ್ಮಡಿ

ಎರಡು ದೋಣಿಯ ಮೇಲೆ ಕಾಲಿಟ್ಟವರ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನಮ್ಮ ಪಕ್ಕದ ಮನೆಯ ಸೊಸೆ ಮೂರರ ಮೇಲೆ ಕಾಲಿಟ್ಟವಳು. ಮೊದಲು ಸಮುದ್ರದಲ್ಲಿ ಈಜುವುದು, ಮೈ ಆರುವ ಮೊದಲೇ ಸೈಕಲ್ ಹತ್ತಿ ಗುಡ್ಡ ಏರುವುದು, ಅದರಿಂದ ಇಳಿದವಳೇ ಓಡುವುದು. ಇದಕ್ಕೆ ಟ್ರಯತ್ಲಾನ್ ಎಂದು ಹೆಸರು. ದಕ್ಷಿಣ ಆಫ್ರಿಕಾದ ನಮ್ಮ ಈಸ್ಟ್ ಲಂಡನ್ನಿನ ಸಮುದ್ರದಂಡೆಯಲ್ಲಿ ಬಿಳಿಯರು ಇದನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದರು. ಪಾಪ, ಅವರ ಮನೆಯಲ್ಲಿ ಕೆಲಸ ಕಡಿಮೆ ಎಂದು ನಾವು ಸುಮ್ಮನಿದ್ದೆವು. ನಮ್ಮದೇ ಬೀದಿಗೆ ಮದುವೆಯಾಗಿ ಬಂದ ಹೆಣ್ಣು ಅದಕ್ಕೆ ಇಳಿದಾಗ ಮಾತ್ರ ಎಲ್ಲರಿಗೂ ಅವಳ ಆರೋಗ್ಯದ ಚಿಂತೆ ಹತ್ತಿತು.

ತವರಿನಲ್ಲಿ ಅವಳ ಹೆಸರು ಬುಕೆಲ್ವಾ. ಹೊಸ ಸೊಸೆಗೆ, ಅಂದರೆ ಮಾಕೋಟಿಗೆ, ಗಂಡನ ಮನೆಯವರು ಹೊಸ ಹೆಸರಿಡಬೇಕು. ಗಂಡನ ಸೋದರತ್ತೆ ವುಯೆಲ್ವಾ ಇಟ್ಟ ಹೆಸರು ನೋಪುಮ್ಲಾ, ವಿಶ್ರಾಂತಿ ತರುವವಳು ಎಂದು ಅರ್ಥ. ಯಾರಿಗೆ ವಿಶ್ರಾಂತಿ ಎಂದು ಆ ದಿನ ಯಾರೂ ಬಿಡಿಸಿ ಹೇಳಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ಕೈಗೆ ಪೊರಕೆ ಬಂದಾಗ ಅವಳಿಗೇ ತಿಳಿಯಿತು.

ಹೊಟ್ಟೆಪಾಡಿಗೆ ಅವಳು ನಮ್ಮ ಬಡಾವಣೆಯ ಈಜುಕೊಳದಲ್ಲಿ ಜೀವರಕ್ಷಕಿ. ಕೊಳದಲ್ಲಿ ನೀರು ಬತ್ತಿ ವರ್ಷಗಳಾಗಿವೆ. ಹಾಗಾಗಿ ಅವಳು ಕೆಲಸಕ್ಕೆ ಸೇರಿದ ಮೇಲೆ ಒಬ್ಬರೂ ಮುಳುಗಿಲ್ಲ. ಇಂಥ ಹೆಸರು ಇಡೀ ದೇಶದಲ್ಲಿ ಇನ್ನೊಬ್ಬ ಜೀವರಕ್ಷಕಿಗೆ ಇರಲಾರದು. ಈಜಬೇಕೆಂದರೆ ಅವಳೇ ವ್ಯಾನ್ ಹತ್ತಿ ಸಮುದ್ರಕ್ಕೆ ಹೋಗಬೇಕು. ಗಂಡ ತೆಂಬಿಲೆ ದೂರದ ಬಸ್ಸು ಓಡಿಸುವವನು. ಮನೆಯಲ್ಲಿ ಜಗಳದ ವಾಸನೆ ಬಂದರೆ ಸಾಕು, ಅವನ ಬಸ್ಸಿಗೆ ಎಲ್ಲಿಂದಲೋ ಕರೆ ಬರುತ್ತದೆ.

ಅತ್ತೆ ಮಾಬೇಲೆ ನನ್ನ ಬೇಲಿಯಾಚೆಯ ಗೆಳತಿ, ನನ್ನನ್ನು ಮಾಟೋಲೋ ಎಂದು ಕರೆಯುತ್ತಾಳೆ. ಶಾಲೆಯ ಅಡುಗೆಮನೆಯಲ್ಲಿ ಜನ್ಮವೆಲ್ಲ ನಿಂತು ಎರಡೂ ಮಂಡಿ ಕಳೆದುಕೊಂಡಿದ್ದಾಳೆ. ನಾಲಿಗೆ ಮಾತ್ರ ಇನ್ನೂ ಹದಿನಾರರಲ್ಲೇ ಇದೆ. ಸೊಸೆ ಸೈಕಲ್ ಹೊರಗೆ ತಂದಾಗಲೆಲ್ಲ ಅವಳಿಗೊಂದು ಮಾತು ಸಿದ್ಧವಿರುತ್ತಿತ್ತು.

"ಮಾಕೋಟಿ, ಆ ಬಿಗಿ ಚಡ್ಡಿ ಮೇಲೆ ಒಂದು ಟವೆಲ್ಲಾದ್ರೂ ಸುತ್ತ್ಕೊಂಡು ಹೋಗು. ಗಂಡಸರು ಚರ್ಚಿಗೆ ಹೊರಟಿದ್ದಾರೆ. ಇವತ್ತೊಂದಿನ ದೇವರ ಕಡೆ ನೋಡ್ಲಿ."

"ಸೈಕಲ್ಲಿಗೆ ಟವೆಲ್ ಸಿಕ್ಕಿಕೊಳ್ಳುತ್ತೆ ಅಮ್ಮಾ."

"ಸಿಕ್ಕಿಕೊಳ್ಳಲಿ. ಬಿದ್ದಾಗಲಾದ್ರೂ ಮೈ ಮುಚ್ಚಿರುತ್ತೆ."

ಪಂದ್ಯ ನೋಡಲು ಆ ಮನೆಯಿಂದ ಹೋಗುತ್ತಿದ್ದವಳು ಸೋದರತ್ತೆ ವುಯೆಲ್ವಾ ಒಬ್ಬಳೇ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದಿದ್ದ ಹೆಂಗಸು. ಅಣ್ಣ ತೀರಿಕೊಂಡ ಮೇಲೂ ಮನೆಯ ಶಾಸ್ತ್ರಗಳಿಗೆಲ್ಲ ಅವಳೇ ಯಜಮಾನಿ. ಪ್ರೀತಿಯಿಂದ ಹೋಗುತ್ತಾಳೆಂದು ಅನ್ನಿಸಿಕೊಳ್ಳಲು ಅವಳೇನೂ ಸಿದ್ಧಳಿರಲಿಲ್ಲ. "ಬೆಳಗಿಂದ ಒದ್ದಾಡಿ ಹೊರಟ ಜಾಗಕ್ಕೇ ಬಂದ್ಯಲ್ಲೇ," ಎಂದು ಒಮ್ಮೆ ಸೊಸೆಗೆ ಹೇಳಿದಳಂತೆ, "ಮೊದಲೇ ಹೇಳಿದ್ರೆ ಇಬ್ಬರೂ ಇಲ್ಲೇ ಕೂತು ಮೀನು ತಿನ್ನಬಹುದಿತ್ತು." ಆದರೂ ಮುಂದಿನ ಪಂದ್ಯಕ್ಕೆ ಮತ್ತೆ ಹಾಜರು.

ನೋಪುಮ್ಲಾಳ ಬಲಗಾಲಿನ ಹಿಮ್ಮಡಿ ತಿಂಗಳುಗಟ್ಟಲೆ ಮೊದಲೇ ನೋಟೀಸು ಕೊಟ್ಟಿತ್ತು. ಬೆಳಿಗ್ಗೆ ಎದ್ದಾಗ ಮರಗಟ್ಟಿ, ಮೊದಲ ಲೋಟ ಚಹಾ ಮುಗಿಯುವವರೆಗೂ ಕುಂಟುತ್ತಿದ್ದಳು. ಮೈ ಬಿಸಿಯಾದರೆ ಸರಿಹೋಗುತ್ತದೆ ಎಂಬುದು ಆಟಗಾರರ ವೇದವಾಕ್ಯ. ಮೈ ಬಿಸಿಮಾಡಿಕೊಂಡು ಓಡಿದಳು, ಇನ್ನೂ ಬಿಸಿಮಾಡಿಕೊಂಡು ಇನ್ನೂ ಓಡಿದಳು. ಆದರೆ ಅದು ಕೈಕೊಟ್ಟದ್ದು ಓಟದಲ್ಲಲ್ಲ. ಈಸ್ಟರ್ ಹೊತ್ತಿಗೆ ಮನೆಯಲ್ಲೊಂದು ಶಾಸ್ತ್ರವಿತ್ತು. ಗೇಟಿನಲ್ಲಿ ಚಿಕ್ಕಮಾವ ಜೋಲಿಲೆಯ ಕಾರು ಹಾರನ್ ಹೊಡೆಯಿತು. ಹಿರಿಯರು ಇಳಿಯುವ ಮೊದಲು ಸೊಸೆ ಓಡಿಹೋಗಿ ಚೀಲ ಹಿಡಿಯಬೇಕು. ಉದ್ದ ಲಂಗ, ತಲೆಗೆ ವಸ್ತ್ರ, ಹೆಗಲಿಗೆ ಶಾಲು, ಕಾಲಿಗೆ ಸವೆದ ಚಪ್ಪಲಿ ತೊಟ್ಟು ಓಡಿದಳು. ಚೀಲ ಹಿಡಿದು ವಾಪಸು ಓಡುವಾಗ ಹಿಂದಿನಿಂದ ಯಾರೋ ಹಿಮ್ಮಡಿಗೆ ಒದ್ದ ಹಾಗಾಯಿತು. ಯಾರೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಆಮೇಲೆ ಚೀಲದ ಸಮೇತ ಕೆಳಗೆ ಕೂತಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಇದು ನರವಲ್ಲ, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿಹಾಕುವ ಹುರಿ, ಅದು ಅರ್ಧ ಹರಿದಿದೆ ಎಂದಳು. ಮೊಣಕಾಲಿನವರೆಗೆ ಬರುವ ದೊಡ್ಡ ಪ್ಲಾಸ್ಟಿಕ್ ಬೂಟು ಹಾಕಿದಳು.

"ನಿಂತು ಕೆಲಸ ಮಾಡಬೇಡ. ಕೂತ್ಕೋ. ಉಳಿದರ್ಧ ಹರಿದರೆ ಓಟದ ಮಾತು ಬಿಡು, ಮೆಟ್ಟಿಲು ಹತ್ತೋಕೂ ಇನ್ನೊಬ್ಬರ ಭುಜ ಬೇಕಾಗುತ್ತೆ."

"ಜನವರಿಯಲ್ಲಿ ನಮ್ಮೂರ ಪಂದ್ಯ ಇದೆ ಡಾಕ್ಟರ್."

"ಕೂತ್ರೆ ನೋಡೋಣ. ಕೂರದಿದ್ರೆ ನೋಡೋದಕ್ಕೇನೂ ಉಳಿಯಲ್ಲ."

ಆ ಊರ ಪಂದ್ಯವೇ ಅವಳ ಪ್ರಾಣ. ಹೋದ ಸಲ ಗುಡ್ಡದ ಮೇಲೆ ಸೈಕಲ್ ಕೆಟ್ಟು ವ್ಯಾನಿನಲ್ಲಿ ವಾಪಸು ಬಂದಿದ್ದಳು. ಈ ಸಲ ಮುಗಿಸಿಯೇ ತೀರುತ್ತೇನೆಂದು ಹಟ ಹಿಡಿದಿದ್ದಳು. ಈಗ ಪ್ರಶ್ನೆ ಪಂದ್ಯದ್ದಷ್ಟೇ ಆಗಿರಲಿಲ್ಲ. ಇನ್ನು ಈ ಜನ್ಮದಲ್ಲಿ ಓಡುತ್ತಾಳೋ ಇಲ್ಲವೋ ಎಂಬುದೇ ಆಗಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರಿಗೆ ನೆಲವೂ ಡೊಂಕಲ್ಲ, ಹಾರನ್ನೂ ತಪ್ಪಲ್ಲ, ತಪ್ಪೆಲ್ಲ ಸೈಕಲ್ಲಿನದೇ. ಚಿಕ್ಕಮಾವ ಜೋಲಿಲೆ, ಮದುವೆಯಾದ ಹೆಣ್ಣು ಸಮುದ್ರಕ್ಕೆ ಇಳಿದರೆ ಪಿತೃಗಳಿಗೆ ಸರಿಬರುವುದಿಲ್ಲ ಎಂದ. ಪಿತೃಗಳಿಗೆ ಅವನ ಕಾರಿನ ಹಾರನ್ ಸರಿಬರುತ್ತದೆಯೇ ಎಂದು ಕೇಳಬೇಕೆನ್ನಿಸಿತು. ಬಾಯಲ್ಲಿ ಅವನು ತಂದ ಕೇಕು ಇತ್ತು. ಔಷಧಿಗೇನೂ ಬರವಿರಲಿಲ್ಲ. ಒಬ್ಬಳು ದನದ ಕಾಲು ಸಾರು ತಂದಳು, ಇನ್ನೊಬ್ಬಳು ಮೊಸಳೆ ಕೊಬ್ಬು, ಮತ್ತೊಬ್ಬಳು ಪಾದ್ರಿ ಮಂತ್ರಿಸಿದ ನೀರು. ಕೂರಲು ಒಂದು ಕುರ್ಚಿಯನ್ನು ಮಾತ್ರ ಯಾರೂ ತರಲಿಲ್ಲ. ಅತ್ತೆಯಂದಿರ ಎದುರು ಮಾಕೋಟಿ ಕುರ್ಚಿಯ ಮೇಲೆ ಕೂರುವುದುಂಟೆ?

ನಿಜವಾದ ಕಾಯಿಲೆ ಶುರುವಾದದ್ದು ಶನಿವಾರಗಳಲ್ಲಿ. ನಮ್ಮಲ್ಲಿ ಸತ್ತವರು ಯಾವ ವಾರ ಸತ್ತರೂ ಮಣ್ಣಾಗುವುದು ಶನಿವಾರ, ಮತ್ತು ಬಂದ ಊರಿಗೆಲ್ಲ ಊಟ ಹಾಕಬೇಕು. ಮೊದಲಾದರೆ ಶನಿವಾರ ಅವಳು ಸೈಕಲ್ ಏರಿ ಮಾಯವಾಗುತ್ತಿದ್ದಳು. ಈಗ ಬೂಟು ಹಾಕಿಕೊಂಡು ಮನೆಯಲ್ಲೇ ಸಿಕ್ಕಿಬಿಟ್ಟಳು. ಕಾಲು ಮುರಿದವಳಿಗೆ ಪುರುಸೊತ್ತು ಜಾಸ್ತಿ ಎಂಬುದು ಇಡೀ ಬೀದಿಗೆ ಒಮ್ಮೆಲೇ ಹೊಳೆಯಿತು.

"ನೋಪುಮ್ಲಾ, ಹೇಗೂ ಓಡ್ತಿಲ್ವಲ್ಲ, ಆಲೂಗಡ್ಡೆ ಸುಲಿಯೋಕೆ ಬಾ."

"ಕಾಲು ನೋವಿದೆ ಅಕ್ಕಾ."

"ಆಲೂಗಡ್ಡೆನ ಕಾಲಲ್ಲಿ ಸುಲೀತಾರೇನೇ?"

ಆಲೂಗಡ್ಡೆಯಿಂದ ಶುರುವಾದದ್ದು ಮೂರು ಕಾಲಿನ ಕಬ್ಬಿಣದ ಹಂಡೆ ತಿರುವುವುದಕ್ಕೆ ಬರುತ್ತಿತ್ತು, ಅಲ್ಲಿಂದ ತಟ್ಟೆ ಹಂಚುವುದಕ್ಕೆ, ಅಲ್ಲಿಂದ ಹಂಡೆ ತಿಕ್ಕುವುದಕ್ಕೆ. ಅಷ್ಟು ಹೊತ್ತೂ ನಿಂತೇ ಇರಬೇಕು. ವಾರವಿಡೀ ಒಣಗಿದ ಗಾಯಕ್ಕೆ ಶನಿವಾರ ಬರೆ. ಡಾಕ್ಟರಮ್ಮ ಎರಡನೇ ಸಲ ನೋಡಿದಾಗ ಬೈಯಲಿಲ್ಲ, ತಲೆ ಅಲ್ಲಾಡಿಸಿದಳು. ಅದಕ್ಕೇ ನೋಪುಮ್ಲಾ ಹೆದರಿದ್ದು. ಆ ಸಂಜೆ ಬೇಲಿಯ ಬಳಿ ನನ್ನೆದುರು ಅತ್ತುಬಿಟ್ಟಳು. ನನಗೂ ಸಿಟ್ಟು ಬಂತು. ಆದರೆ ಮುಂದಿನ ಶನಿವಾರದ ಸಾವಿನ ಮನೆಗೆ ಕ್ಯಾರೆಟ್ ಹೆಚ್ಚುವವರು ಬೇಕಿತ್ತು, ಸಿಟ್ಟನ್ನು ನುಂಗಿಕೊಂಡೆ.

ಜುಲೈ ಚಳಿಯಲ್ಲಿ ಸೋದರತ್ತೆ ವುಯೆಲ್ವಾ ತೀರಿಕೊಂಡಳು. ಬೆಳಿಗ್ಗೆ ಚಹಾ ಕೊಡಲು ಹೋದ ನೋಪುಮ್ಲಾ ಬಟ್ಟಲು ಹಿಡಿದುಕೊಂಡೇ ಹಿಂದಕ್ಕೆ ಬಂದು, "ಅಮ್ಮಾ, ಅವರು ಏಳ್ತಾ ಇಲ್ಲ," ಎಂದಳಂತೆ.

ಸಾವಾದ ಮನೆಯ ಒಂದು ಕೋಣೆಯ ಸಾಮಾನೆಲ್ಲ ಹೊರಗೆ ಹಾಕಿ, ನೆಲದ ಮೇಲೆ ಹಾಸಿಗೆ ಹಾಸುತ್ತೇವೆ. ಸತ್ತವರಿಗೆ ಎಲ್ಲರಿಗಿಂತ ಹತ್ತಿರದ ಹೆಂಗಸು ಕಂಬಳಿ ಹೊದ್ದು, ಕಾಲು ಚಾಚಿ, ಮಣ್ಣಾಗುವ ದಿನದವರೆಗೂ ಅಲ್ಲಿ ಕೂರಬೇಕು. ಅವಳು ಒಂದು ಚಮಚವನ್ನೂ ಎತ್ತುವಂತಿಲ್ಲ. ಉಣ್ಣಿಸುವುದು, ತಿನ್ನಿಸುವುದು ಎಲ್ಲ ಬೇರೆಯವರದು. ವುಯೆಲ್ವಾಗೆ ಗಂಡನಿಲ್ಲ, ಮಕ್ಕಳಿಲ್ಲ. ಕೂರಬೇಕಾದವಳು ಅಣ್ಣನ ಹೆಂಡತಿ ಮಾಬೇಲೆ. ಅವಳ ಮಂಡಿಗಳು ಒಮ್ಮೆ ನೆಲಕ್ಕೆ ಇಳಿದರೆ ಅವಳನ್ನು ಎತ್ತಲು ನಾಲ್ಕು ಗಂಡಸರು ಬೇಕು. ಹೆಂಗಸರೆಲ್ಲ ಬಾಗಿಲಲ್ಲಿ ಗುಂಪುಗೂಡಿ ಯಾರು ಯಾರು ಎಂದು ಪಿಸುಗುಟ್ಟುತ್ತಿದ್ದರು. ಮಾಬೇಲೆ ಕುರ್ಚಿಯಿಂದಲೇ ಕೋಲು ಎತ್ತಿ ತೋರಿಸಿದಳು.

"ಇವಳು ಕೂರ್ತಾಳೆ."

ಅವಳ ಕೋಲಿನ ತುದಿಯಲ್ಲಿ, ಕೈಯಲ್ಲಿ ಚಹಾದ ತಟ್ಟೆ ಹಿಡಿದು, ನೋಪುಮ್ಲಾ ನಿಂತಿದ್ದಳು.

"ಮಾಕೋಟಿನಾ!" ಎಂದಳು ಓರಗಿತ್ತಿಯೊಬ್ಬಳು. "ಮತ್ತೆ ಕ್ಯಾರೆಟ್ ಯಾರು ಹೆಚ್ಚೋದು?"

"ನೀನು ಹೆಚ್ಚು. ನಿನ್ನ ಕಾಲಿಗೆ ಏನಾಗಿದೆ?" ಮಾಬೇಲೆ ಸುತ್ತಲೂ ನೋಡಿದಳು. "ಕೂತ್ಕೋ ಅಂತ ಬದುಕಿರೋ ಡಾಕ್ಟರು ಹೇಳಿದ್ಲು, ಈ ಬೀದೀಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಸತ್ತವಳು ಕೂರಿಸ್ತಿದ್ದಾಳೆ. ಯಾರಿಗೆ ಧೈರ್ಯ ಇದೆಯೋ ಎಬ್ಬಿಸಲಿ, ನೋಡ್ತೀನಿ."

ಯಾರಿಗೂ ಇರಲಿಲ್ಲ. ಯಾರೋ ನೋಪುಮ್ಲಾಳ ಕೈಯಿಂದ ತಟ್ಟೆ ಕಿತ್ತುಕೊಂಡರು.

ಆ ವಾರದಂಥ ವಾರವನ್ನು ನಮ್ಮ ಬೀದಿ ಕಂಡಿರಲಿಲ್ಲ. ಅವಳಿಂದ ತಿಂಗಳುಗಟ್ಟಲೆ ಆಲೂಗಡ್ಡೆ ಸುಲಿಸಿದವರೆಲ್ಲ ಮಂಡಿಯೂರಿ ಅವಳಿಗೆ ಚಹಾ ಕೊಟ್ಟರು. "ಇನ್ನೊಂದು ತುಂಡು ರೊಟ್ಟಿ ತಿನ್ನವ್ವಾ, ಪಾಪ, ಎಷ್ಟು ಸೊರಗಿದ್ದೀಯ," ಎಂದರು. ಕಾಲು ಚಾಚಿ ಕೂರುವುದು ಶಾಸ್ತ್ರ. ಡಾಕ್ಟರಮ್ಮ ಬರೆದುಕೊಟ್ಟದ್ದೂ ಅದೇ. ದಿನಕ್ಕಿಷ್ಟು ಸಲ ಪಾದವನ್ನು ರಬ್ಬರು ಪಟ್ಟಿಗೆ ಒತ್ತಿ ಬಿಡಬೇಕೆಂದೂ ಅವಳು ಹೇಳಿದ್ದಳು. ನೋಪುಮ್ಲಾ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿಕೊಂಡು, ಕಂಬಳಿಯೊಳಗೆ ಪಾದಕ್ಕೆ ಸಿಕ್ಕಿಸಿ, ಸಂಜೆಯ ಪ್ರಾರ್ಥನೆ ನಡೆಯುವಾಗ ಒತ್ತುತ್ತಿದ್ದಳು. ಕಂಬಳಿ ಅಲುಗಾಡುತ್ತಿತ್ತು.

"ಅಯ್ಯೋ, ಹೇಗೆ ಬಿಕ್ಕಿ ಅಳ್ತಾಳೆ ನೋಡು," ಎಂದು ಓರಗಿತ್ತಿ ಕಣ್ಣೊರೆಸಿಕೊಂಡಳು. "ಹೊಟ್ಟೇಲಿ ಹುಟ್ಟಿದ ಮಗಳೂ ಹೀಗೆ ಅಳಲ್ಲ."

ಜೋಲಿಲೆ ಪ್ರಾರ್ಥನೆ ನಿಲ್ಲಿಸಿ, ಸೊಸೆ ಎಂದರೆ ಹೀಗಿರಬೇಕೆಂದು ಒಂದು ಭಾಷಣ ಮಾಡಿದ. ನಾನು ಬಗ್ಗಿ ಅವಳ ಕಿವಿಯಲ್ಲಿ, "ಸ್ವಲ್ಪ ಮೆಲ್ಲಗೆ ಅಳೇ, ಟ್ಯೂಬು ಕಾಣಿಸ್ತಿದೆ," ಎಂದೆ.

ಶುಕ್ರವಾರ ಶವದ ಪೆಟ್ಟಿಗೆ ಮನೆಗೆ ಬಂತು. ಅದನ್ನು ಅವಳ ಪಕ್ಕದಲ್ಲೇ ಇಳಿಸಿದರು. ಆ ಸಂಜೆ ಅವಳು ಟ್ಯೂಬು ಮುಟ್ಟಲಿಲ್ಲ. ಕಲ್ಲಿನ ಹಾಗೆ ಕೂತಿದ್ದಳು. ಕಣ್ಣೀರು ಕೆನ್ನೆಯಿಂದ ಇಳಿದು ಶಾಲು ನೆನೆಯಿತು. ತನ್ನನ್ನು ನೋಡಲೆಂದು ಸಮುದ್ರದವರೆಗೆ ಬರುತ್ತಿದ್ದ ಒಂದೇ ಜೀವ ಅದು. ಕಂಬಳಿ ಅಲುಗಾಡಲಿಲ್ಲವಾದ್ದರಿಂದ ಅವಳು ಅಳುತ್ತಿದ್ದಾಳೆಂದು ಯಾರಿಗೂ ಗೊತ್ತಾಗಲಿಲ್ಲ. ದುಃಖ ಕಡಿಮೆಯಾಯಿತು, ಇನ್ನು ಅಡುಗೆಗೆ ಕರೆಯಬಹುದೇನೋ ಎಂದೂ ಒಬ್ಬಳು ಗೊಣಗಿದಳು.

ಮಣ್ಣು ಮಾಡಿ, ಮರುದಿನ ಗುಂಡಿ ತೋಡಿದ ಗುದ್ದಲಿ ತೊಳೆಯುವ ಶಾಸ್ತ್ರವೂ ಮುಗಿಯಿತು. ಹಿಮ್ಮಡಿಯ ಊತ ಇಳಿದಿತ್ತು. ತಿಂಗಳುಗಳಲ್ಲಿ ಆಗದ್ದು ಒಂದು ವಾರದ ಹಾಸಿಗೆಯಲ್ಲಿ ದಾರಿಗೆ ಬಂದಿತ್ತು. ಆಗ ಜೋಲಿಲೆ ಗಂಟಲು ಸರಿಮಾಡಿಕೊಂಡ. ಬಿಟ್ಟಿ ಬರುವುದೇನೂ ಈ ಲೋಕದಲ್ಲಿಲ್ಲ.

"ಹಾಸಿಗೇಲಿ ಕೂತವಳು ಆರು ತಿಂಗಳು ಸೂತಕ ಹಿಡೀಬೇಕು. ಕಪ್ಪು ಉಡಬೇಕು. ಬೀದೀಲಿ ಗಟ್ಟಿ ಮಾತಿಲ್ಲ. ಒಬ್ಬಳೇ ಎಲ್ಲೂ ಹೋಗೋ ಹಾಗಿಲ್ಲ, ಮನೆಯವರು ಜೊತೇಲಿರಬೇಕು. ಹೊತ್ತು ಮುಳುಗೋದ್ರೊಳಗೆ ಮನೆ ಸೇರಬೇಕು."

ಜುಲೈಯಿಂದ ಆರು ತಿಂಗಳು. ಜನವರಿಯ ಪಂದ್ಯ ಅದರ ಹೊಟ್ಟೆಯೊಳಗೇ ಬಿದ್ದಿತ್ತು. ಕಾಲು ಬಿಡಿಸಿಕೊಟ್ಟ ಹಾಸಿಗೆಯೇ ಕಾಲು ಕಟ್ಟಿಹಾಕಿತೆಂದು ನನಗೆ ಹೊಟ್ಟೆ ಉರಿಯಿತು.

ಆದರೂ ನೋಪುಮ್ಲಾ ಬಿಡಲಿಲ್ಲ. ಬೂಟು ಬಿಚ್ಚಿದ ಮೇಲೆ ದಿನಾ ಹಿತ್ತಿಲ ಮೆಟ್ಟಿಲಿನ ಅಂಚಿನಲ್ಲಿ ಕಪ್ಪು ಲಂಗದಲ್ಲಿ ನಿಂತು, ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವುದು, ಮೆಲ್ಲಗೆ ಮೇಲೆತ್ತುವುದು. ನೋಡುವವರಿಗೇ ಆಕಳಿಕೆ ಬರುವಂಥ ಕೆಲಸ. ಬಾವಿಯಿಂದ ಯಾರೋ ಕಾಣದ ಕೊಡ ಸೇದುತ್ತಿದ್ದ ಹಾಗೆ ಕಾಣುತ್ತಿತ್ತು. ಮಾಬೇಲೆ ಕಿಟಕಿಯಿಂದ, "ಎಲ್ಲಿಗೆ ಬಂತು ಸವಾರಿ? ಹೊರಟ್ಯೋ, ಇನ್ನೂ ಮೆಟ್ಟಿಲ ಮೇಲೇ ಇದ್ದೀಯೋ?" ಎಂದು ಕೂಗುತ್ತಿದ್ದಳು. ಆದರೆ ಶನಿವಾರ ಯಾರಾದರೂ ಕರೆಯಲು ಬಂದರೆ, "ಸೂತಕದವಳನ್ನ ಹಂಡೆ ಮುಟ್ಟಿಸ್ತೀರಾ?" ಎಂದು ಅವಳೇ ಗೇಟಿನಿಂದ ಓಡಿಸುತ್ತಿದ್ದಳು. ಈಜಿಗೆ ಹೋಗುವಾಗ ಜೊತೆಗೆ ನಾನು. ಬೇಲಿಯಾಚೆಯವಳಾದರೂ ಮನೆಯವಳೇ ಎಂದು ಮಾಬೇಲೆ ತೀರ್ಪು ಕೊಟ್ಟಿದ್ದಳು. ಮರಳ ಮೇಲೆ ಕೂತು ಹೊಲಿಗೆ ಹಾಕುತ್ತ, ಸಮುದ್ರದೊಳಗಿನ ಅವಳ ಸೂತಕವನ್ನು ಕಾಯುತ್ತಿದ್ದೆ.

ಪಂದ್ಯಕ್ಕೆ ವಾರವಿರುವಾಗ ಡಾಕ್ಟರಮ್ಮ, "ಓಡು, ಹಿಮ್ಮಡಿ ಎಳೆದರೆ ನಡಿ," ಎಂದಳು. ನೋಪುಮ್ಲಾ ಅತ್ತೆಯ ಮುಂದೆ ಬಂದು ನೆಲದ ಮೇಲೆ ಕೂತಳು. ಮಾಬೇಲೆ ಜೋಲಿಲೆಯನ್ನು ಕರೆಸಿದಳು. ಅವನು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಹೆಂಗಸು ಅವಳು.

"ಸೂತಕದವಳು ಪಂದ್ಯಕ್ಕೆ?" ಅವನು ಕುರ್ಚಿಯಿಂದ ಎದ್ದೇಬಿಟ್ಟ.

"ಕೂತ್ಕೊಳ್ಳಪ್ಪಾ. ಕಪ್ಪು ಉಡಬೇಕು ಅಂದೆ. ಇವಳ ಆ ಬಟ್ಟೆ ಕುತ್ತಿಗೆಯಿಂದ ತೊಡೆವರೆಗೂ ಕಪ್ಪೇ. ಗಟ್ಟಿ ಮಾತಾಡಬಾರದು ಅಂದೆ. ನೀರೊಳಗೆ ಮುಖ ಇಟ್ಟವಳು ಏನು ಮಾತಾಡ್ತಾಳೆ? ಹೊತ್ತು ಮುಳುಗೋದ್ರೊಳಗೆ ಅಂದೆ. ಪಂದ್ಯದವರು ಮಧ್ಯಾಹ್ನಕ್ಕೇ ಹಗ್ಗ ಸುತ್ತಿ ಪಂದ್ಯ ಮುಗಿಸಿಬಿಡ್ತಾರಂತೆ."

"ಒಬ್ಬಳೇ ಹೋಗಬಾರದು ಅಂತಾನೂ ಅಂದಿದ್ದೆ."

"ನಾನು ಹೋಗ್ತೀನಿ."

ಜೋಲಿಲೆ ಅವಳ ಮಂಡಿ ನೋಡಿದ, ನಕ್ಕ. ಆ ನಗುವೇ ಅವನ ಒಪ್ಪಿಗೆ ಎಂದು ಮಾಬೇಲೆ ತೀರ್ಮಾನಿಸಿದಳು. ಅವನು ಹೋದ ಮೇಲೆ ನಾನು, ನಿನಗೇನು ಹುಚ್ಚೇ ಎಂದು ಕೇಳಿದೆ. ಅವಳು ಬೇಲಿಯ ಆಚೆ ನೋಡುತ್ತಾ, "ವುಯೆಲ್ವಾ ಹೋದಳು ಮಾಟೋಲೋ," ಎಂದಳು. "ಇನ್ನು ಇವಳನ್ನ ನೋಡೋಕೆ ಯಾರಿದ್ದಾರೆ?"

ಪಂದ್ಯದ ದಿನ ನಾವಿಬ್ಬರೂ ಕಪ್ಪು ಉಟ್ಟು, ದಂಡೆಯ ರಸ್ತೆಯ ಪಕ್ಕ ಹಗ್ಗದ ಈಚೆ ನಿಂತೆವು. ಈಜು ಮುಗಿಯಿತು. ಸೈಕಲ್ಲೂ ಮುಗಿಯಿತು, ಈ ಸಲ ಕೆಡಲಿಲ್ಲ. ಓಟದಲ್ಲಿ ಒಬ್ಬೊಬ್ಬರೇ ನಮ್ಮೆದುರು ಹಾದುಹೋದರು, ಹಾಡು ಹಾಕಿದ್ದವನು ಹಾಡು ನಿಲ್ಲಿಸಿದ, ನೀರಿನ ಮೇಜುಗಳನ್ನು ಮಡಚತೊಡಗಿದರು. ಆಗ ನೋಪುಮ್ಲಾ ಬಂದಳು. ಓಡುತ್ತಿರಲಿಲ್ಲ, ನಡೆಯುತ್ತಿದ್ದಳು. ಬಲಗಾಲು ಇಡುವಾಗಲೆಲ್ಲ ಮುಖದಲ್ಲಿ ಭಯ. ನೋವಲ್ಲ, ಭಯ. ಹಿಂದಿನಿಂದ ಇನ್ನೊಮ್ಮೆ ಯಾರೋ ಒದೆಯುತ್ತಾರೆಂದು ಕಾಯುತ್ತಿರುವವಳ ಹಾಗೆ.

ನಾನು ಏನಾದರೂ ಹೇಳುವ ಮೊದಲೇ ಮಾಬೇಲೆ ಹಗ್ಗ ಎತ್ತಿ ಒಳಗೆ ನುಗ್ಗಿ, ಅವಳ ಪಕ್ಕದಲ್ಲಿ ಕೋಲೂರಿ ನಡೆಯತೊಡಗಿದ್ದಳು. ಹಳದಿ ಅಂಗಿಯ ದಪ್ಪ ಮನುಷ್ಯನೊಬ್ಬ ಓಡಿಬಂದ.

"ಅಮ್ಮಾ, ಹೊರಗಿನವರು ಒಳಗೆ ಬರೋ ಹಾಗಿಲ್ಲ!"

"ಹೊರಗಿನವಳು ನಾನಲ್ಲ, ಹೊರಗಿನವನು ನೀನು. ಇವಳು ಸೂತಕದಲ್ಲಿದ್ದಾಳೆ. ಸೂತಕದವಳನ್ನ ನಾವು ಒಬ್ಬಳನ್ನೇ ಬಿಡಲ್ಲ."

ಅವನು ಟೋಪಿ ತೆಗೆದು ಪಕ್ಕಕ್ಕೆ ಸರಿದ. ನಾನು ಹಗ್ಗದ ಈಚೆಯಿಂದಲೇ ಅವರಿಬ್ಬರ ಜೊತೆ ನಡೆದೆ. ಮಾಬೇಲೆಯ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಒಂದು ಚಹಾ ಕುಡಿಯಬಹುದಿತ್ತು. ಕುಂಟುತ್ತಿದ್ದ ನೋಪುಮ್ಲಾಳೇ ಅವಳಿಗಾಗಿ ನಿಂತು ನಿಂತು ನಡೆಯಬೇಕಾಯಿತು. ಮುಂದೆ ಪಂದ್ಯ ಮುಗಿಯುವಲ್ಲಿನ ಗಡಿಯಾರದ ಕಮಾನು ಕಾಣುತ್ತಿತ್ತು. ಅದರ ಕೆಳಗೆ ಇಬ್ಬರು ಹಗ್ಗ ಸುತ್ತಲು ಸಿದ್ಧರಾಗಿ ಕಾಯುತ್ತಿದ್ದರು.

"ಅಮ್ಮಾ," ಎಂದಳು ನೋಪುಮ್ಲಾ ಮೆಲ್ಲಗೆ, "ಹೀಗೆ ಹೋದ್ರೆ ಹೊತ್ತು ಮೀರಿಹೋಗುತ್ತೆ."

"ಕಾಲು ಎಳೀತಿದೆಯೇನೇ?"

"ಇಲ್ಲ. ಹೆದರಿಕೆ."

"ಹೆದರಿಕೆಗೆ ನಡೀತಿದ್ದೀಯಾ? ನಾನು ನೋವಿಗೆ ನಡೀತಿದ್ದೀನಿ, ಗೊತ್ತಾ?" ಮಾಬೇಲೆ ನಿಂತುಬಿಟ್ಟಳು. "ಆ ಕಾಲು ಹರಿದಿದ್ದು ನಮ್ಮ ಮನೆ ಚೀಲ ಹೊರೋಕೆ ಓಡಿ. ಇವತ್ತು ಒಂದ್ಸಲ ನಿನಗೋಸ್ಕರ ಓಡು. ಹೋಗೇ! ಯಾರು ಹಿಡ್ಕೊಂಡಿದ್ದಾರೆ ನಿನ್ನ?"

ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಹಿಮ್ಮಡಿ ನೆಲ ಮುಟ್ಟಿತು, ಎದ್ದಿತು, ಮತ್ತೆ ಮುಟ್ಟಿತು. ಆಮೇಲೆ ಅವಳು ಓಡಿದಳು, ಹಗ್ಗ ಹಿಡಿದಿದ್ದ ಆ ಇಬ್ಬರು ಪಕ್ಕಕ್ಕೆ ಹಾರುವಷ್ಟು ಜೋರಾಗಿ.

ಮಾಬೇಲೆ ರಸ್ತೆಯ ನಟ್ಟನಡುವೆ ಕೋಲಿನ ಮೇಲೆ ಭಾರ ಬಿಟ್ಟು, ಏದುಸಿರು ಬಿಡುತ್ತಾ, ಶಾಲಿನ ತುದಿಯಿಂದ ಮೂಗು ಕಣ್ಣು ಎರಡನ್ನೂ ಒಟ್ಟಿಗೇ ಒರೆಸಿಕೊಂಡಳು. ನನ್ನತ್ತ ತಿರುಗಿದಳು.

"ನೋಡು ಮಾಟೋಲೋ, ಕಣ್ಣು ಬಿಟ್ಟು ನೋಡು. ಅತ್ತೆಯನ್ನ ನಡುರಸ್ತೇಲಿ ಬಿಟ್ಟು ಹೇಗೆ ಓಡ್ತಾಳೆ, ಮಾನಗೆಟ್ಟವಳು!"